ಹೊರದೇಶದ ಮಾತುಕತೆಗೆ ಮುಂಚೆ

ಎಲ್ಲರಿಗೂ ನಮಸ್ಕಾರ. ಹೊರದೇಶದ ಕಂಪನಿಗಳ ಜೊತೆ ವ್ಯವಹಾರ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಅಲ್ಲಿನ ರೂಢಿ ತಿಳಿಯದಿದ್ದರೆ ಬೆಲೆ, ಗುಣಮಟ್ಟ ಎರಡೂ ಸರಿಯಿದ್ದೂ ವ್ಯಾಪಾರ ಕೈತಪ್ಪಬಹುದು. ಅಮೆರಿಕದ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಯಿತು. ಗಿರಾಕಿಗಳನ್ನು ನಗುತ್ತಾ ಸ್ವಾಗತಿಸುವುದು, ಸಾಮಾನು ಚೀಲಕ್ಕೆ ತುಂಬಿ ಕೊಡುವುದು ಅಮೆರಿಕದಲ್ಲಿ ಒಳ್ಳೆಯ ಸೇವೆ. ಜರ್ಮನಿಯಲ್ಲಿ ಅನೇಕರಿಗೆ ಅದೇ ಮುಜುಗರವಾಯಿತು. 2006ರಲ್ಲಿ ಅಂಗಡಿಗಳನ್ನು ಮಾರಿ ಹೊರಟರು. ಪೈಪೋಟಿ, ಕಾನೂನಿನ ತೊಡಕುಗಳೂ ಇದ್ದವು ನಿಜ. ಆದರೆ ಗಿರಾಕಿಯ ಮನಸ್ಸು ತಿಳಿಯದಿದ್ದದ್ದು ಸಣ್ಣ ಕಾರಣವಲ್ಲ.

ಜಪಾನಿನವರ ಜೊತೆ ಸಭೆಯಿದ್ದರೆ ಮೌನಕ್ಕೆ ಹೆದರಬೇಡಿ. ನಿಮ್ಮ ಬೆಲೆ ಕೇಳಿ ಅವರು ಸುಮ್ಮನೆ ಕೂತರೆ ಯೋಚಿಸುತ್ತಿರಬಹುದು. ಗಾಬರಿಯಾಗಿ ತಕ್ಷಣ ರಿಯಾಯಿತಿ ಕೊಟ್ಟರೆ ನಷ್ಟ ನಮಗೇ ಅಲ್ವಾ? ‘ಕಷ್ಟ ಆಗಬಹುದು’ ಅಂದರೆ ಮಾತ್ರ ಬಹುತೇಕ ‘ಇಲ್ಲ’ ಎಂದೇ ತಿಳಿಯಿರಿ. ಅಲ್ಲಿ ಸಭೆಗೆ ಮುಂಚೆಯೇ ಒಳಗೊಳಗೆ ಎಲ್ಲರ ಒಪ್ಪಿಗೆ ಪಡೆಯುವ ರೂಢಿ ಜಾಸ್ತಿ. ಹಾಗಾಗಿ ವಿವರಗಳನ್ನು ಮೊದಲೇ ಕಳಿಸಿ.

ವಾರದ ರಜೆಯನ್ನೂ ನೋಡಿಕೊಳ್ಳಿ. ಸೌದಿಯಲ್ಲಿ ಶುಕ್ರವಾರ, ಶನಿವಾರ ರಜೆ. ಯುಎಇ ಸರ್ಕಾರಿ ಕಚೇರಿಗಳಿಗೆ 2022ರಿಂದ ಶನಿವಾರ, ಭಾನುವಾರ, ಜೊತೆಗೆ ಶುಕ್ರವಾರ ಅರ್ಧ ದಿನ.

ನೀವು ಯಾವ ದೇಶದವರ ಜೊತೆ ವ್ಯವಹರಿಸುತ್ತೀರಿ, ಅಲ್ಲಿನ ಯಾವ ರೂಢಿ ನಮಗೆ ಗೊತ್ತಿರಬೇಕು ಎಂದು ಇಲ್ಲೇ ಬರೆಯಿರಿ.