ಶಿವಮೊಗ್ಗದ ದುರ್ಗಿಗುಡಿಯ ಶೂ ಅಂಗಡಿಯಲ್ಲಿ ಸಿಕ್ಕ ಅಣ್ಣನಿಗೆ

ನೀವೂ ನನ್ನ ಹಾಗೆ ಗಿರಾಕಿಯೇ. ಆದರೂ ನಿಮ್ಮ ಕೆಲಸ ಬಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನಾನು ಹಾಕಿ ನೋಡುತ್ತಿದ್ದ ರನ್ನಿಂಗ್ ಶೂ ತುದಿ ಒತ್ತಿ ನೋಡಿದಿರಲ್ಲ, ತುಂಬಾ ಥ್ಯಾಂಕ್ಸ್ ಅಣ್ಣಾ.

"ಕೂತು ಅಳತೆ ನೋಡ್ಬೇಡಿ, ಎದ್ದು ನಿಂತ್ಕೊಳ್ಳಿ" ಅಂದಿರಿ. ನಿಂತರೆ ಪಾದ ಹರಡುತ್ತದೆ, ಓಡಿದರೆ ಊದುತ್ತದೆ. ಹಾಗಾಗಿ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ನನಗೆ ಉದ್ದ ಇರುವುದು ಎರಡನೇ ಬೆರಳು. ಅಂಗಡಿಯವರು ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದರು! ಒಂದು ಸೈಜ್ ದೊಡ್ಡದು ತರಿಸಿದಿರಿ. ಹಿಮ್ಮಡಿ ಸ್ವಲ್ಪ ಸಡಿಲವಾಯಿತು. ಲೇಸನ್ನು ಮೇಲಿನ ಕೊನೇ ತೂತಿನಲ್ಲಿ ಕುಣಿಕೆ ಮಾಡಿ ಎಳೆದಿರಿ, ಗಟ್ಟಿಯಾಗಿ ಕೂತಿತು. ಆ ತೂತು ಯಾಕಿದೆ ಅಂತ ಯಾರೂ ಹೇಳುವುದೇ ಇಲ್ಲ, ಅಲ್ವಾ?

"ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅನ್ನುವ ಮಾತನ್ನೂ ನೀವು ಒಪ್ಪಲಿಲ್ಲ. ಚುಚ್ಚುವ ಶೂ ಅಂಗಡಿಯಲ್ಲೇ ಇರಲಿ ಅಂದಿರಿ.

ಮೊನ್ನೆ ಕುಂದಾದ್ರಿಯ ರಸ್ತೆಯಲ್ಲಿ ಇಳಿಜಾರಿಗೆ ಓಡಿದೆ. ಬೆರಳು ಮುಂದಕ್ಕೆ ತಾಗಲೇ ಇಲ್ಲ. ಹಳೇ ಶೂನಲ್ಲಿ ಕಪ್ಪಾಗಿದ್ದ ಉಗುರು ಈಗ ಬುಡದಿಂದ ಬೆಳ್ಳಗೆ ಬರುತ್ತಿದೆ. ಮಳೆಯಲ್ಲಿ ನೆಂದ ಶೂ ಒಣಗಲಿ ಅಂತ ಒಳಗೆ ಪೇಪರ್ ತುರುಕುವುದೂ ನಡೆದಿದೆ.

ನೆಹರು ಸ್ಟೇಡಿಯಂ ಕಡೆ ಬಂದರೆ ಖಂಡಿತ ಸಿಗಿ. ಕಾಫಿ ನನ್ನದು.