ಕವಳ ಉಗಿದು ಬಾಯಿ ತೋರಿಸಿದ ಹಿರಿಯರಿಗೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಹಳ್ಳಿಗಳಲ್ಲಿ ಬಾಯಿ ತಪಾಸಣೆಯ ಈ ವರ್ಷದ ಸುತ್ತು ಮುಗಿಯಿತು. ಅಡಿಕೆ ಸುಲಿತದ ಗಡಿಬಿಡಿಯಲ್ಲೂ ಮೆಟ್ಟುಗತ್ತಿ ಬದಿಗಿಟ್ಟು, ಎಲೆಯಡಿಕೆಯ ಕವಳ ಉಗಿದು, ಬಾಯಿ ಮುಕ್ಕಳಿಸಿ ಬಂದು ಕೂತ ಅಜ್ಜ ಅಜ್ಜಿಯರಿಗೆ ಮೊದಲ ನಮಸ್ಕಾರ. ನೋವಿಲ್ಲದಿದ್ದರೂ ಬಂದಿರಲ್ಲ, ಅದೇ ದೊಡ್ಡದು. ಕ್ಯಾನ್ಸರ್‌ಗೆ ಮುಂಚಿನ ಮಚ್ಚೆ ಹೆಚ್ಚಾಗಿ ನೋಯುವುದೇ ಇಲ್ಲ.

ಸಂಕೋಚಪಟ್ಟರೂ ಹಲ್ಲುಸೆಟ್ಟು ತೆಗೆದವರಿಗೆ ಇನ್ನೊಂದು ನಮಸ್ಕಾರ. ಸೆಟ್ಟಿನಡಿಯ ಒಸಡು, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ, ಕೆನ್ನೆಗೂ ಒಸಡಿಗೂ ನಡುವಿನ ಸಂದಿ, ಇವೆಲ್ಲ ಮನೆಯ ಕನ್ನಡಿಗೆ ಸಿಗುವ ಜಾಗಗಳಲ್ಲ. ಕವಳ ಒತ್ತಿಡುವುದು ಆ ಸಂದಿಯಲ್ಲೇ. ಮಚ್ಚೆ ಏಳುವುದೂ ಬಹಳ ಸಲ ಅಲ್ಲೇ. ಬಿಳಿ ಪದರವನ್ನು ಗಾಜ್ ಬಟ್ಟೆಯಿಂದ ಒರೆಸಿ ನೋಡಿದ್ದು ಯಾಕೆಂದು ಹಲವರು ಕೇಳಿದಿರಿ. ಒರೆಸಿದರೆ ಎದ್ದು ಬರುವುದು ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು. ಸಕ್ಕರೆ ಕಾಯಿಲೆಯವರಲ್ಲಿ, ರಾತ್ರಿಯೂ ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ಹೆಚ್ಚು. ಒರೆಸಿದರೂ ಹೋಗದ್ದು ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ, ಇರಬಹುದು. ಬಿಳಿಗಿಂತ ಕೆಂಪು ಮಚ್ಚೆಗೆ ಹೆಚ್ಚು ಹೆದರಬೇಕು. ಚೂಪು ಹಲ್ಲು ತಾಗಿ ಆದ ಹುಣ್ಣಾದರೆ, ಹಲ್ಲನ್ನು ನುಣುಪು ಮಾಡಿ ಎರಡು ವಾರ ಕಾಯುತ್ತೇವೆ. ಆಮೇಲೂ ಮಾಯದಿದ್ದರೆ ಬಯಾಪ್ಸಿಯೇ ಸರಿ, ಅಂದರೆ ಅಲ್ಲಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು.

ಬಯಾಪ್ಸಿಗೆ ಒಪ್ಪಿದವರ ಧೈರ್ಯ ನಮಗೆ ಗೊತ್ತು. ‘ಕತ್ತಿ ತಾಗಿದರೆ ಹರಡುತ್ತದೆ’ ಎಂಬ ಮಾತು ಊರೂರಲ್ಲಿದೆ, ಅದು ನಿಜವಲ್ಲ. ಚೂರನ್ನು ಮಚ್ಚೆಯ ಕೆಂಪಾದ, ದಪ್ಪಗಾದ, ಗಟ್ಟಿಯಾದ ಕಡೆಯಿಂದ ತೆಗೆಯಬೇಕು. ಜಾಗ ತಪ್ಪಿದರೆ ರಿಪೋರ್ಟು ಚೆನ್ನಾಗಿ ಬಂದು ರೋಗ ಒಳಗೇ ಉಳಿಯುತ್ತದೆ. ಆ ಚೂರು ಕೆಡದಂತೆ ತಕ್ಷಣ ಶೇಕಡ 10ರ ಫಾರ್ಮಲಿನ್‌ನಲ್ಲಿ, ಚೂರಿನ ಹತ್ತು ಪಟ್ಟು ದ್ರವದಲ್ಲಿ ಮುಳುಗಿಸಬೇಕು. ಸಲೈನಿನಲ್ಲಿ ಬಿಟ್ಟರೆ ಕೊಳೆಯುತ್ತದೆ, ಸ್ಪಿರಿಟ್‌ನಲ್ಲಿ ಮುದುಡುತ್ತದೆ. ಬಾಟಲಿ ಚೆಲ್ಲದಂತೆ, ಹೆಸರಿನ ಚೀಟಿ ಅಳಿಯದಂತೆ ಶಿವಮೊಗ್ಗಕ್ಕೆ ಮುಟ್ಟಿಸಿದ ನರ್ಸಮ್ಮಂದಿರ, ಚಾಲಕರ ಋಣ ದೊಡ್ಡದು.

ತೋಟದ ಮನೆಗಳವರಿಗೆ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯದು. ಅಡಿಕೆಯೇ ಅನ್ನ ಕೊಡುವ ಅಂಗಳದಲ್ಲಿ ಕೂತು ಅಡಿಕೆಯ ಮೇಲೇ ದೂರು ಹೇಳಿದೆವು, ನೀವು ತಾಳ್ಮೆಯಿಂದ ಕೇಳಿದಿರಿ. ಹೊಗೆಸೊಪ್ಪು ಬಿಟ್ಟರೆ ಸಾಕು, ಬರೀ ಅಡಿಕೆ ಏನೂ ಮಾಡದು ಎಂಬ ನಂಬಿಕೆ ಹಳೆಯದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯೊಳಗೆ ನಾರು ಬೆಳೆಸುತ್ತದೆ. ಖಾರ ತಾಗಿದರೆ ಉರಿ, ಆಮೇಲೆ ಬಾಯಿ ಬಿಗಿತ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ, ಹೋಗದಿದ್ದರೆ ತೋರಿಸಿ. ಬಿಗಿದದ್ದು ಅಡಿಕೆ ಬಿಟ್ಟ ಮಾತ್ರಕ್ಕೆ ಸಡಿಲವಾಗದು, ಆದರೆ ಮುಂದುವರಿಯುವುದನ್ನು ತಡೆಯಲು ಬಿಡಲೇಬೇಕು. ಹೊಗೆಸೊಪ್ಪು ಬಿಟ್ಟವರಲ್ಲಿ ಕೆಲವು ಬಿಳಿ ಮಚ್ಚೆಗಳು ತಾವಾಗಿ ಮಾಸುವುದೂ ಉಂಟು.

ಆಶಾ ಅಕ್ಕಂದಿರೇ, ನೀವು ಮನೆಮನೆ ಹತ್ತಿ ಇಳಿಯದಿದ್ದರೆ ಈ ಕೆಲಸ ನಡೆಯುತ್ತಿರಲಿಲ್ಲ. ಹಿರಿಯರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ ಮಕ್ಕಳು, ಮೊಮ್ಮಕ್ಕಳಲ್ಲಿ ಒಂದೇ ಬೇಡಿಕೆ: ಮಚ್ಚೆ ತೆಗೆಸಿಕೊಂಡವರಿಗೂ ಅದು ಮತ್ತೆ ಬರಬಹುದು, ಕೊಟ್ಟ ತಾರೀಕಿಗೆ ಮತ್ತೆ ಕರೆತನ್ನಿ. ಬರುವಾಗ ಹಳೆಯ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಿ ಬರಬೇಡಿ.