ಮರದ ಮೀನಿಗೊಂದು ಸೊಂಟ

ಪ್ರೀತಿಯ ಅಪ್ಪ,

ಗಾಳಕ್ಕೆ ಕಟ್ಟಲು ಮರದ ಮೀನು ಕೆತ್ತುತ್ತಿದ್ದೇನೆ ಅಂದಾಗ, ಹೋದ ವಾರ ಫೋನಿನಲ್ಲಿ ನೀವು ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಎರೆಹುಳ ಬಿಟ್ಟು ಮರದ ತುಂಡನ್ನು ಯಾವ ಮೀನು ಕಚ್ಚುತ್ತದೆ ಮಗಳೇ?" ಅಂದಿರಿ. ಆಗ ಕೈಯಲ್ಲಿ ಅಂಟು ಒಣಗುತ್ತಿತ್ತು, ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ಮೀನಿನ ಎರಡು ಪಕ್ಕೆಯಲ್ಲೂ ಕಿವಿರಿನಿಂದ ಬಾಲದವರೆಗೆ ಸಣ್ಣದೊಂದು ಗೆರೆ ಇರುತ್ತದೆ. ನೀವು ಎಷ್ಟೋ ಸಲ ನೋಡಿರುತ್ತೀರಿ. ಹತ್ತಿರದ ನೀರು ಅಲುಗಿದ್ದು ಮೀನಿಗೆ ಆ ಗೆರೆಯಿಂದ ಗೊತ್ತಾಗುತ್ತದೆ. ನೀರು ಕಲಕಿದ್ದರೂ, ಕತ್ತಲಾಗಿದ್ದರೂ ಗೊತ್ತಾಗುತ್ತದೆ. ಹಾಗಾಗಿ ನನ್ನ ಮರದ ತುಂಡು ನೀರನ್ನು ಮರಿಮೀನಿನ ಹಾಗೆ ಅಲುಗಿಸಿದರೆ ಸಾಕು, ದೊಡ್ಡ ಮೀನು ತಿರುಗಿ ನೋಡುತ್ತದೆ.

ಇದನ್ನು ಚೆನ್ನಾಗಿ ಕಂಡುಕೊಂಡವರು ಫಿನ್‌ಲ್ಯಾಂಡಿನ ಲೌರಿ ರಾಪಾಲಾ ಎಂಬ ಮೀನುಗಾರ. ದೊಡ್ಡ ಮೀನುಗಳು ಗುಂಪಿನೊಳಗೆ ನುಗ್ಗಿ, ಸ್ವಲ್ಪ ಓಲಾಡುತ್ತಾ ಈಜುವ ಮರಿಯನ್ನೇ ಹಿಡಿಯುವುದನ್ನು ಅವರು ನೋಡಿದ್ದರಂತೆ. 1936ರಲ್ಲಿ ಬೆಂಡಿನ ತುಂಡನ್ನು ಚಮ್ಮಾರರ ಚಾಕುವಿನಿಂದ ಕೆತ್ತಿ, ಚಾಕೊಲೇಟ್ ಸುತ್ತಿದ್ದ ಬೆಳ್ಳಿ ಕಾಗದ ಅಂಟಿಸಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದರು. ಕೈಗೆ ಸಿಕ್ಕಿದ್ದರಲ್ಲೇ ಮಾಡಿದ ಮೀನು ಅದು. ನನಗೆ ಧೈರ್ಯ ಬಂದಿದ್ದು ಈ ಕತೆ ಓದಿದ ಮೇಲೆ.

ನಾನು ಮಾಡುತ್ತಿರುವುದು 7 ಸೆಂಟಿಮೀಟರ್ ಉದ್ದದ ಪುಟ್ಟ ಮೀನು, ಎರಡು ತುಂಡಿನದು. ನಡುವೆ ಕೀಲು ಇದೆ, ಅಂದರೆ ಸೊಂಟ ಇದೆ. ಒಂದೇ ತುಂಡಿನ ಮೀನು ಬೇಗ ಎಳೆದರೆ ಚೆನ್ನಾಗಿ ಓಲಾಡುತ್ತದೆ, ನಿಧಾನ ಮಾಡಿದರೆ ಕಡ್ಡಿಯ ಹಾಗೆ ಬರುತ್ತದೆ. ಸೊಂಟ ಇರುವುದು ಎಷ್ಟು ನಿಧಾನ ಎಳೆದರೂ ಬಾಲ ಆಡಿಸುತ್ತದೆ. ನೀರು ತಣ್ಣಗಿದ್ದಾಗ ಮೀನುಗಳು ಮಂಕಾಗಿರುತ್ತವೆ ಅಲ್ವಾ, ಆಗ ಈ ನಿಧಾನವೇ ಬೇಕು. ಆದರೆ ಎಸೆದಾಗ ಗಾಳಿಯಲ್ಲಿ ಮಡಚಿಕೊಂಡು ಉರುಳುತ್ತದೆ, ಒಂದೇ ತುಂಡಿನದರಷ್ಟು ದೂರ ಹೋಗುವುದಿಲ್ಲ.

ಮೊದಲು ಬಾಲ್ಸಾ ಮರ ತಂದೆ. ತುಂಬಾ ಹಗುರ, ಚಾಕು ಇಟ್ಟರೆ ಸಾಕು ಕತ್ತರಿಸುತ್ತದೆ. ಆದರೆ ಉಗುರು ತಾಗಿದರೂ ಗುಳಿ ಬೀಳುತ್ತದೆ, ಸಣ್ಣ ಸ್ಕ್ರೂ ಕೂಡ ಹಿಡಿದು ನಿಲ್ಲುವುದಿಲ್ಲ. ಕೀಲಿನ ಕೆಲಸಕ್ಕೆ ಅದು ಆಗದು ಅನ್ನಿಸಿತು. ಈಗ ಸೀಡರ್ ಮರ ಬಳಸುತ್ತೇನೆ. ನಾರು ತಲೆಯಿಂದ ಬಾಲದ ಕಡೆಗೆ ನೇರವಾಗಿ ಇರುವ ತುಂಡನ್ನೇ ಆರಿಸುತ್ತೇನೆ, ಇಲ್ಲದಿದ್ದರೆ ಬಾಲದ ಹತ್ತಿರ ಸೀಳುತ್ತದೆ.

ನಾನು ತಡವಾಗಿ ಕಲಿತ ಒಂದು ವಿಷಯ ಹೇಳುತ್ತೇನೆ. ಕೆತ್ತುವ ಆಸೆಗೆ ಮೊದಲೇ ಮೀನಿನ ಆಕಾರ ಮಾಡಿಬಿಡಬಾರದು. ಮರ ಚೌಕವಾಗಿ ಇರುವಾಗಲೇ ನಡುಗೆರೆ ಹಾಕಿ, ಬಾಯಿಯ ಕೆಳಗಿನ ಸೀಳು ಕೊಯ್ದು, ಕೀಲಿನ ತೂತು ಕೊರೆದುಬಿಡಬೇಕು. ದುಂಡಗೆ ಮಾಡಿದ ಮೇಲೆ ನೇರ ಯಾವುದು, ಓರೆ ಯಾವುದು ಕಣ್ಣಿಗೆ ತಿಳಿಯುವುದಿಲ್ಲ. ಆ ಸೀಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ನಾಲಿಗೆ ಕೂರಿಸುತ್ತೇನೆ. ಮೀನನ್ನು ಓಲಾಡಿಸುವುದು ಅದೇ. ನೀರು ಅದಕ್ಕೆ ಬಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಯುತ್ತದೆ, ತಲೆಯೂ ಹಾಗೇ ವಾಲುತ್ತದೆ. ನಾಲಿಗೆ ಕೆಳಗೆ ಬಾಗಿದ್ದರೆ ಮೀನು ಮೇಲೆಯೇ ಈಜುತ್ತದೆ, ಮುಂದಕ್ಕೆ ಚಾಚಿ ಉದ್ದವಾಗಿದ್ದರೆ ಆಳಕ್ಕೆ ಇಳಿಯುತ್ತದೆ.

ಇನ್ನು ಸೊಂಟ. ಇದರ ಮೇಲೆಯೇ ನನ್ನ ರಾತ್ರಿಗಳೆಲ್ಲ ಹೋಗಿವೆ! ಮೊದಲು ಎರಡು ತಂತಿ ಕುಣಿಕೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸಿದೆ. ಬಾಲ ಪಕ್ಕಕ್ಕೂ ಆಡಿತು, ಜೊತೆಗೆ ತಿರುಚಿಕೊಂಡಿತು. ಈಗ ಬಾಗಿಲಿನ ಕೀಲಿನ ಹಾಗೆ ಮಾಡುತ್ತೇನೆ. ಮುಂದಿನ ತುಂಡಿನಲ್ಲಿ ಮೇಲೊಂದು ಕೆಳಗೊಂದು ಕುಣಿಕೆ. ಹಿಂದಿನ ತುಂಡಿನಲ್ಲಿ ಅವು ಕೂರಲು ಎರಡು ಸಣ್ಣ ಸೀಳು. ಬೆನ್ನಿನಿಂದ ಒಂದು ಸ್ಟೀಲ್ ತಂತಿ ಇಳಿಸಿದರೆ ಎರಡನ್ನೂ ಹಿಡಿದುಕೊಳ್ಳುತ್ತದೆ. ಹೀಗೆ ಮಾಡಿದಾಗ ಬಾಲ ಪಕ್ಕಕ್ಕೆ ಮಾತ್ರ ಬೀಸುತ್ತದೆ. ಎರಡು ತುಂಡೂ ಎದುರುಬದುರಾಗುವ ಕಡೆ ಅಂಚುಗಳನ್ನು ಓರೆಯಾಗಿ ಸವರಬೇಕು, ಇಲ್ಲದಿದ್ದರೆ ಮರಕ್ಕೆ ಮರ ತಾಗಿ ಬಾಲ ಅರ್ಧಕ್ಕೇ ನಿಲ್ಲುತ್ತದೆ.

ನಡುವೆ ಎಷ್ಟು ಸಂದು ಬಿಡಬೇಕು? ಬರಿ ಮರದಲ್ಲಿ ನಾನು 2 ಮಿಲಿಮೀಟರ್ ಬಿಡುತ್ತೇನೆ. ನೋಡಲು ಜಾಸ್ತಿ ಅನ್ನಿಸುತ್ತದೆ. ಆದರೆ ಬಣ್ಣ, ಅದರ ಮೇಲೆ ಎಪಾಕ್ಸಿ (ಗಾಜಿನ ಹಾಗೆ ಗಟ್ಟಿಯಾಗುವ ಅಂಟು), ಎರಡೂ ಮುಖದ ಮೇಲೆ ಕೂತ ಮೇಲೆ ಸಂದು ಕಿರಿದಾಗುತ್ತದೆ. ನನ್ನ ಮೊದಲ ಮೀನು ಕೆಟ್ಟಿದ್ದೇ ಇಲ್ಲಿ. ಹೊರಗೆಲ್ಲ ಚೆಂದ ಬಣ್ಣ ಹಚ್ಚಿದ್ದೆ, ಹುರುಪೆ ಒಂದೊಂದೂ ಬರೆದಿದ್ದೆ. ಕೀಲಿನ ಒಳಮುಖಕ್ಕೆ ಮಾತ್ರ ಏನೂ ಬಳಿದಿರಲಿಲ್ಲ. ಅರ್ಧ ಗಂಟೆ ನೀರಿನಲ್ಲಿ ಇದ್ದಿದ್ದಕ್ಕೆ ಮರ ನೀರು ಕುಡಿದು ಉಬ್ಬಿತು, ಸೊಂಟ ಬಿಗಿದುಕೊಂಡಿತು, ಬಣ್ಣ ಬಿರುಕು ಬಿಟ್ಟಿತು. ಅವತ್ತು ತುಂಬಾ ಬೇಜಾರಾಯಿತು ಅಪ್ಪ. ಈಗ ಯಾರ ಕಣ್ಣಿಗೂ ಕಾಣದ ಆ ಒಳಮುಖಕ್ಕೇ, ಕುಣಿಕೆಯ ತೂತುಗಳಿಗೇ ಮೊದಲು ತೆಳುವಾದ ಅಂಟು ಕುಡಿಸುತ್ತೇನೆ. ಬಣ್ಣ ಆಮೇಲೆ.

ಬಣ್ಣಕ್ಕೂ ಮೊದಲು ಬಾತ್‌ಟಬ್ಬಿನಲ್ಲಿ ತೇಲಿಸಿ ನೋಡುತ್ತೇನೆ. ಹೊಟ್ಟೆಯಲ್ಲಿ ಭಾರ ಇಲ್ಲದಿದ್ದರೆ ಮಗ್ಗುಲಾಗಿ ಮಲಗಿಬಿಡುತ್ತದೆ. ಕೊಕ್ಕೆಗಳನ್ನೂ ಹಾಕಿ, ಹೊಟ್ಟೆಯ ಕುಣಿಕೆಗೆ ಸೀಸದ ತಂತಿ ಸುತ್ತುತ್ತಾ ಹೋಗುತ್ತೇನೆ. ಬೆನ್ನು ಮೇಲಾಗಿ ನೇರ ನಿಂತಾಗ ಆ ತಂತಿ ಬಿಚ್ಚಿ ತೂಗಿ, ಅಷ್ಟೇ ಭಾರ ಹೊಟ್ಟೆಯೊಳಗೆ ಕೂರಿಸುತ್ತೇನೆ. ಸೀಸ ಮುಟ್ಟಿದ ಕೂಡಲೇ ಕೈ ತೊಳೆಯುತ್ತೇನೆ, ಅಮ್ಮನಿಗೆ ಹೇಳಿ. ಮರ ಉಜ್ಜುವಾಗ ಮೂಗಿಗೆ ಮಾಸ್ಕ್ ಕೂಡ ಹಾಕುತ್ತೇನೆ.

ಬಣ್ಣದ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಎಪಾಕ್ಸಿ ಹಚ್ಚಿದ ಮೇಲೆ ಒಂದು ಕಡೆ ಇಳಿದು ಗಟ್ಟಿಯಾಗದಂತೆ ಮೀನನ್ನು ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಅದಕ್ಕೊಂದು ಸಣ್ಣ ಮೋಟಾರ್ ಇಟ್ಟಿದ್ದೇನೆ. ಅದು ತಿರುಗುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಹೋದ ಭಾನುವಾರ ಆರನೆಯ ಮೀನನ್ನು ನೀರಿಗೆ ಬಿಟ್ಟೆ. ದಾರ ಎಳೆಯುತ್ತಿದ್ದ ಹಾಗೆ ತಲೆ ಎಡಕ್ಕೆ ವಾಲಿತು, ಒಂದು ಕ್ಷಣ ತಡೆದು ಬಾಲ ಬಂತು. ಮತ್ತೆ ಬಲಕ್ಕೆ. ಮೀನು ಬಿದ್ದಿತೇ ಅಂತ ಕೇಳುತ್ತೀರಿ. ಬಿತ್ತು, ಅಂಗೈ ಉದ್ದದ್ದು. ಬಿಡಿಸಿ ನೀರಿಗೇ ಬಿಟ್ಟೆ.

ಏಳನೆಯದನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಕೊಕ್ಕೆ ಬಿಚ್ಚಿದ್ದೇನೆ, ಧೈರ್ಯವಾಗಿ ಹಿಡಿದು ನೋಡಿ. ಮೂತಿಯ ಕುಣಿಕೆಗೆ ದಾರ ಕಟ್ಟಿ ತೊಟ್ಟಿಯಲ್ಲಿ ನಿಧಾನವಾಗಿ ಎಳೆಯಿರಿ. ಎಡಕ್ಕೆ ಓಡಿದರೆ ಇಕ್ಕಳದಲ್ಲಿ ಆ ಕುಣಿಕೆಯನ್ನು ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿ. ಬಲಕ್ಕೆ ಓಡಿದರೆ ಎಡಕ್ಕೆ. ನೇರ ಬರುವವರೆಗೆ ಮಾಡಿ. ಸೊಂಟ ಎಲ್ಲಾದರೂ ಬಿಗಿ ಅನ್ನಿಸಿದರೆ ಮುಚ್ಚಿಡದೆ ಹೇಳಿ, ಎಂಟನೆಯದರ ಮರ ಇನ್ನೂ ಚೌಕವಾಗಿಯೇ ಇದೆ.

ನಿಮ್ಮ ಪ್ರೀತಿಯ ಮಗಳು